ಬರಬೇಕಾದ ರೊಕ್ಕ, ಕಾಯುವ ಮನೆ

ಕುಟುಂಬದಲ್ಲಿ ಓದಿ ಚರ್ಚಿಸಲು ಒಂದು ಪಾಠ
ದೇವರ ವಾಕ್ಯ: ಯಕೋಬನು ಬರೆದ ಪತ್ರ 5:1-8, ಲೂಕ 19:1-10

ಅಕ್ಟೋಬರ್ ಜಪಸರ ಮಾತೆಯ ತಿಂಗಳು. 2025ರ ಅಕ್ಟೋಬರಿನಲ್ಲಿ ಬೀದರಿನ ಮೈಲೂರಿನಲ್ಲಿ ಮನೆಯಿಂದ ಮನೆಗೆ ಜಪಸರ ಪ್ರಾರ್ಥನೆ ನಡೆಯುತ್ತಿತ್ತು. ಒಂದು ಸಂಜೆ ಪ್ರಾರ್ಥನೆ ಮುಗಿದು ಎಲ್ಲರ ಕೈಗೂ ಚಹಾ ಬಂದಿತ್ತು. ಆಗ ಆ ಮನೆಯ ಹಿರಿಯ ತಾಯಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮಾಸ್ತರ್ರೆ, ಸರ್ಕಾರದಿಂದ ಬರೋ ರೊಕ್ಕಕ್ಕ ಮರಿಯಮ್ಮನ ಹತ್ರ ಬೇಡಿಕೊಂಡ್ರ ತಪ್ಪೇನ್ರಿ?"

ಸುತ್ತಲಿದ್ದವರು ನಕ್ಕರು. ಆ ತಾಯಿ ನಗಲಿಲ್ಲ. ಅವರ ಯಜಮಾನರು ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದು ತೀರಿಕೊಂಡವರು. ತಿಂಗಳಿಗೆ 14,000 ರೂಪಾಯಿ ಕುಟುಂಬ ಪಿಂಚಣಿ. ಯಜಮಾನರ ಕಡೆಯಿಂದ ಬಂದ 12 ಲಕ್ಷ ರೂಪಾಯಿಯನ್ನು ಅವರು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಾರೆ. 2024-25ನೇ ಸಾಲಿನಲ್ಲಿ ಅದಕ್ಕೆ 84,000 ರೂಪಾಯಿ ಬಡ್ಡಿ ಬಂತು. ಅದರಲ್ಲಿ 8,400 ರೂಪಾಯಿಯನ್ನು ಬ್ಯಾಂಕಿನವರು ತೆರಿಗೆ ಎಂದು ಮೊದಲೇ ಹಿಡಿದುಕೊಂಡರು. ಅದು ಹಿಂದಕ್ಕೆ ಬರುತ್ತದೆ ಎಂದು ಯಾರೋ ಹೇಳಿದ ಮೇಲೆ ಆಗಸ್ಟ್ ಮೊದಲ ವಾರದಲ್ಲಿ ಒಂದು ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸಿದರು. ಅಲ್ಲಿಂದ ಎರಡೂವರೆ ತಿಂಗಳು ದಿನವೂ ಮೊಬೈಲ್ ನೋಡುವುದೇ ಕೆಲಸ. ಮೊಮ್ಮಗನ ಪಾಲಿಟೆಕ್ನಿಕ್ ಫೀಸು, ಮಳೆಗೆ ಸೋರಿದ ಮಾಳಿಗೆಯ ರಿಪೇರಿ ಎಲ್ಲವೂ ಆ 8,400ರ ಮೇಲೆ ನಿಂತಿತ್ತು.

ಪ್ರಿಯ ಓದುಗರೇ, ದೊಡ್ಡವರ ಲೆಕ್ಕದಲ್ಲಿ ಇದು ಚಿಕ್ಕ ಮೊತ್ತ. ಆದರೆ ಇಂಥ ಚಿಕ್ಕ ಮೊತ್ತಕ್ಕಾಗಿ ಕಾಯುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಇವೆ. ಕಾಯುವಾಗ ಮನಸ್ಸು ಕಹಿಯಾಗುತ್ತದೆ, ಸಾಲ ಬೆಳೆಯುತ್ತದೆ, ಸುಳ್ಳಿನ ಹಾದಿಯೂ ಹತ್ತಿರ ಕಾಣುತ್ತದೆ. ಆದ್ದರಿಂದ ಈ ವಾರ ಎರಡು ವಿಷಯ ಕಲಿಯೋಣ. ಈ ಹಣ ಯಾಕೆ ತಡವಾಗುತ್ತದೆ? ಕ್ರೈಸ್ತರಾದ ನಾವು ಹೇಗೆ ಕಾಯಬೇಕು?

1. ಇದು ಭಿಕ್ಷೆಯಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ತೆರಿಗೆ ಮರುಪಾವತಿ, ಅಂದರೆ ಎಲ್ಲರ ಬಾಯಲ್ಲಿರುವ ರಿಫಂಡ್, ಸರ್ಕಾರ ಕೊಡುವ ದಾನವಲ್ಲ. ನಾವು ಕಟ್ಟಬೇಕಾದ್ದಕ್ಕಿಂತ ಹೆಚ್ಚು ಹಣ ಮೊದಲೇ ಕಡಿತವಾಗಿದ್ದರೆ, ಆ ಹೆಚ್ಚಿನ ಭಾಗ ನಮ್ಮದೇ. ಅದು ಲೆಕ್ಕವಾಗಿ ನಮಗೆ ಹಿಂತಿರುಗುತ್ತದೆ.

ಆ ತಾಯಿಯ ಲೆಕ್ಕ ನೋಡಿ. ವರ್ಷದ ಪಿಂಚಣಿ 1,68,000, ಬಡ್ಡಿ 84,000. ಒಟ್ಟು 2,52,000 ರೂಪಾಯಿ. ಆ ವರ್ಷ 3 ಲಕ್ಷದವರೆಗೆ ಅವರಿಗೆ ತೆರಿಗೆಯೇ ಇರಲಿಲ್ಲ. ಆದರೆ ಬ್ಯಾಂಕಿಗೆ ಅವರ ಪೂರ್ತಿ ಆದಾಯ ಗೊತ್ತಿಲ್ಲ. ಹಿರಿಯ ನಾಗರಿಕರ ಬಡ್ಡಿ ವರ್ಷಕ್ಕೆ 50,000 ದಾಟಿದರೆ ನೂರಕ್ಕೆ ಹತ್ತು ಹಿಡಿಯಬೇಕೆಂಬುದು ಅಂದಿನ ನಿಯಮ. ಬ್ಯಾಂಕು ನಿಯಮದಂತೆ ಹಿಡಿಯಿತು. ಬ್ಯಾಂಕಿನವರು ತಪ್ಪು ಮಾಡಲಿಲ್ಲ, ತಾಯಿಯೂ ತಪ್ಪು ಮಾಡಲಿಲ್ಲ. ಹಣ ಮಾತ್ರ ಬೇರೆಯವರ ಕೈಯಲ್ಲಿ ಉಳಿಯಿತು.

2025ರ ಏಪ್ರಿಲ್ 1ರಿಂದ ಈ ಮಿತಿ ಹಿರಿಯ ನಾಗರಿಕರಿಗೆ 1 ಲಕ್ಷಕ್ಕೂ ಉಳಿದವರಿಗೆ 50,000ಕ್ಕೂ ಏರಿದೆ. ಇದಲ್ಲದೆ, ತೆರಿಗೆ ಬೀಳುವಷ್ಟು ಆದಾಯ ತಮಗಿಲ್ಲ ಎಂದು ವರ್ಷದ ಮೊದಲಲ್ಲೇ ಬ್ಯಾಂಕಿಗೆ ಒಂದು ಘೋಷಣಾ ಪತ್ರ ಕೊಟ್ಟರೆ ಹಣ ಕಡಿತವಾಗುವುದಿಲ್ಲ. ಬಹುಕಾಲದಿಂದ ಇದನ್ನು ಹಿರಿಯರಿಗೆ 15ಎಚ್, ಉಳಿದವರಿಗೆ 15ಜಿ ಎಂದು ಕರೆಯುತ್ತ ಬಂದಿದ್ದಾರೆ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಎಂದು ಗೊತ್ತುಪಡಿಸಿದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ನಮೂನೆ, ಕಲಮುಗಳ ಸಂಖ್ಯೆ ಬದಲಾದರೂ, ಹಳೆಯ ಹೆಸರು ಹೇಳಿ ಕೇಳಿದರೆ ಬ್ಯಾಂಕಿನವರಿಗೆ ಅರ್ಥವಾಗುತ್ತದೆ. ಹಣ ಹೋದ ಮೇಲೆ ಕಾಯುವುದಕ್ಕಿಂತ ಹೋಗದಂತೆ ನೋಡಿಕೊಳ್ಳುವುದು ಲೇಸು.

ಶುಭಸಂದೇಶದಲ್ಲಿಯೂ ತೆರಿಗೆಯ ಹಣ ಹಿಂತಿರುಗಿದ ಒಂದು ಘಟನೆ ಇದೆ. ಜೆರಿಕೊ ಪಟ್ಟಣದ ಜಕ್ಕಾಯ ಸುಂಕದವರ ಮುಖ್ಯಸ್ಥ. ಯೇಸುಸ್ವಾಮಿ ಅವನ ಮನೆಗೆ ಬಂದ ದಿನ ಅವನು ಎದ್ದು ನಿಂತು, ಯಾರಿಂದಲಾದರೂ ಮೋಸದಿಂದ ಪಡೆದಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದ. ಆ ಮನೆಗೆ ರಕ್ಷಣೆ ಬಂದದ್ದು ಅಂದೇ ಎಂದರು ಪ್ರಭು. ಪರರ ಹಣವನ್ನು ಅವರಿಗೆ ತಲುಪಿಸುವುದು ದೇವರ ಮುಂದೆ ಚಿಕ್ಕ ವಿಷಯವಲ್ಲ. ಹಾಗಾದರೆ ಆ ತಾಯಿ ಮರಿಯಮ್ಮನವರಲ್ಲಿ ಬೇಡಿಕೊಂಡದ್ದು ತಪ್ಪೇ? ಖಂಡಿತ ಅಲ್ಲ.

2. ಹಣ ಬರುವ ದಾರಿ

ನಮ್ಮ ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿ ಇದೆ. ನೀರು ನೆಲದಡಿಯ ಕಾಲುವೆಯಲ್ಲಿ ಹರಿದು ಬರುತ್ತದೆ. ಮೇಲೆ ನಿಂತವರಿಗೆ ಕಾಣುವುದಿಲ್ಲ. ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನು ತೋಡಿದ್ದಾರೆ. ನೀರು ನಿಂತರೆ ಯಾವ ಕಿಂಡಿಯವರೆಗೆ ಬಂದಿದೆ ಎಂದು ಇಣುಕಿ ನೋಡಬಹುದು. ರಿಫಂಡ್ ಹಣವೂ ಹೀಗೆ ಕಾಣದ ದಾರಿಯಲ್ಲಿ ಬರುತ್ತದೆ. ಅದಕ್ಕೆ ನಾಲ್ಕು ಕಿಂಡಿಗಳಿವೆ.

ಮೊದಲನೆಯದು, ರಿಟರ್ನ್ ಎನ್ನುವ ಆದಾಯ ವಿವರ ಸಲ್ಲಿಸುವುದು. ತೆರಿಗೆ ಇಲ್ಲದವರೂ ಕಡಿತವಾದ ಹಣ ಬೇಕೆಂದರೆ ಇದನ್ನು ಸಲ್ಲಿಸಲೇಬೇಕು. ಸಾಮಾನ್ಯರಿಗೆ ಕೊನೆಯ ದಿನ ಜುಲೈ 31. 2025ರಲ್ಲಿ ಅದು ಸೆಪ್ಟೆಂಬರ್ 15ಕ್ಕೆ, ಆ ಮೇಲೆ 16ಕ್ಕೆ ಮುಂದೆ ಹೋಯಿತು.

ಎರಡನೆಯದು, ದೃಢೀಕರಣ. ಸಲ್ಲಿಸಿದ ವಿವರ ನನ್ನದೇ ಎಂದು ಆಧಾರ್ ಒ.ಟಿ.ಪಿ. ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಒಪ್ಪಿಗೆ ಕೊಡಬೇಕು. ಇಲ್ಲವೆ ಸಹಿ ಮಾಡಿದ ಪ್ರತಿಯನ್ನು ಬೆಂಗಳೂರಿಗೆ ಅಂಚೆಯಲ್ಲಿ ಕಳಿಸಬೇಕು. ಮೊದಲು ಇದಕ್ಕೆ 120 ದಿನ ಅವಕಾಶವಿತ್ತು. 2022ರ ಆಗಸ್ಟ್ 1ರಿಂದ 30 ದಿನಕ್ಕೆ ಇಳಿಸಿದರು. ದೃಢೀಕರಿಸದ ರಿಟರ್ನ್ ಸಹಿಯಿಲ್ಲದ ಚೆಕ್ಕಿನಂತೆ. ಅದರ ಕೆಲಸ ಶುರುವೇ ಆಗುವುದಿಲ್ಲ.

ಮೂರನೆಯದು, ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ. ಇಡೀ ಭಾರತದ ರಿಟರ್ನ್‌ಗಳ ಲೆಕ್ಕ ತಾಳೆ ನೋಡುವ ಈ ಕೇಂದ್ರ ನಮ್ಮ ರಾಜ್ಯದಲ್ಲೇ ಇದೆ. ನಾವು ಬರೆದ ಅಂಕಿ, ಬ್ಯಾಂಕು ಅಥವಾ ಮಾಲೀಕರು ತಿಳಿಸಿದ ಅಂಕಿ ಎರಡನ್ನೂ ಅಲ್ಲಿ ಯಂತ್ರಗಳು ಹೋಲಿಸುತ್ತವೆ. ಲೆಕ್ಕ ಮುಗಿದ ಮೇಲೆ ಇಂಟಿಮೇಶನ್ ಎಂಬ ತಿಳಿವಳಿಕೆ ಪತ್ರ ನಮ್ಮ ಇ-ಮೇಲಿಗೆ ಬರುತ್ತದೆ.

ನಾಲ್ಕನೆಯದು, ಬ್ಯಾಂಕು. ಇಲಾಖೆಯ ಪರವಾಗಿ ಭಾರತೀಯ ಸ್ಟೇಟ್ ಬ್ಯಾಂಕ್ ಹಣವನ್ನು ನಮ್ಮ ಖಾತೆಗೆ ಕಳಿಸುತ್ತದೆ. ಹಿಂದೆ ಚೆಕ್ಕು ಅಂಚೆಯಲ್ಲಿ ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. 2019ರ ಮಾರ್ಚ್ 1ರಿಂದ ಪ್ಯಾನ್ ಜೋಡಿಸಿದ ಖಾತೆಗೆ ನೇರ ಜಮಾ ಮಾತ್ರ.

ದೃಢೀಕರಣವಾದ ಮೇಲೆ ಸಾಮಾನ್ಯವಾಗಿ ನಾಲ್ಕೈದು ವಾರಗಳಲ್ಲಿ ಹಣ ಬರುತ್ತದೆ ಎನ್ನುತ್ತದೆ ಇಲಾಖೆ. ಆದರೆ ಲೆಕ್ಕ ಮುಗಿಸಲು ಕಾನೂನು ಕೊಟ್ಟಿರುವ ಗಡುವು ಬಹಳ ಉದ್ದ: ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದು ಒಂಬತ್ತು ತಿಂಗಳು. 2025ರ ಆಗಸ್ಟಿನಲ್ಲಿ ಸಲ್ಲಿಸಿದವರಿಗೆ ಅದು 2026ರ ಡಿಸೆಂಬರ್ 31. ಇದು ತಿಳಿದಿದ್ದರೆ ಐದನೆಯ ವಾರಕ್ಕೇ ಹಣ ಮುಳುಗಿತೆಂದು ಗಾಬರಿಯಾಗುವುದಿಲ್ಲ.

3. ಎಲ್ಲಿ ತಡೆಯಾಗುತ್ತದೆ?

ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವ ತಡೆಗಳು ಇವು.

ಹೆಸರು: ನಮ್ಮ ಜನರಲ್ಲಿ ಒಬ್ಬರಿಗೆ ಎರಡು ಹೆಸರು ಸಾಮಾನ್ಯ. ಶಾಲೆಯಲ್ಲಿ ಒಂದು, ಜ್ಞಾನಸ್ನಾನದಲ್ಲಿ ಇನ್ನೊಂದು. ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನ ಅಡ್ಡಹೆಸರು ಬೇರೆ, ಗಂಡನ ಮನೆಯದು ಬೇರೆ. ಪ್ಯಾನ್ ಕಾರ್ಡಿನ ಹೆಸರೂ ಪಾಸ್‌ಬುಕ್ಕಿನ ಹೆಸರೂ ಹೊಂದದಿದ್ದರೆ ಯಂತ್ರಕ್ಕೆ ಅವರು ಇಬ್ಬರು ಬೇರೆ ಮನುಷ್ಯರು.

ಬ್ಯಾಂಕಿನ ಹೊಸ ಹೆಸರು: ಒಂದು ಕಾಲಕ್ಕೆ ನಮ್ಮ ಭಾಗದಲ್ಲಿ ಮನೆಮಾತಾಗಿದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಾಯಿತು. ನಮ್ಮ ಹಳ್ಳಿಗಳ ಗ್ರಾಮೀಣ ಬ್ಯಾಂಕು ಕೃಷ್ಣಾ, ಪ್ರಗತಿ ಕೃಷ್ಣಾ ಎಂದೆಲ್ಲ ಹೆಸರು ಬದಲಿಸುತ್ತ ಬಂದು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಬ್ಯಾಂಕುಗಳು ಸೇರಿದಾಗ ಶಾಖೆಯ ಐ.ಎಫ್.ಎಸ್.ಸಿ. ಸಂಖ್ಯೆಯೂ ಬದಲಾಗಬಹುದು. ಹಳೆಯ ಪಾಸ್‌ಬುಕ್ ನೋಡಿ ಹಳೆಯ ಸಂಖ್ಯೆ ಬರೆದರೆ ಹಣ ದಾರಿಯಿಂದಲೇ ಹಿಂದಿರುಗುತ್ತದೆ.

ಪ್ಯಾನ್ ಮತ್ತು ಆಧಾರ್: ಇವೆರಡನ್ನೂ ಜೋಡಿಸದವರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಗಿದೆ. ಅಂಥವರಿಗೆ ರಿಫಂಡ್ ಬರುವುದಿಲ್ಲ. ಆ ಅವಧಿಗೆ ಬಡ್ಡಿಯೂ ಇಲ್ಲ.

ಹಳೆಯ ಬಾಕಿ: ಎಂದೋ ಒಂದು ವರ್ಷದ ತೆರಿಗೆ ಬಾಕಿ ಕಡತದಲ್ಲಿದ್ದರೆ ಇಲಾಖೆ ಅದಕ್ಕೆ ರಿಫಂಡ್ ಹೊಂದಿಸಿಕೊಳ್ಳಬಹುದು. ಆದರೆ ಮುಂಚೆ ನೋಟಿಸು ಕೊಡಬೇಕು. ಬಾಕಿ ತಪ್ಪೆಂದು ಕಂಡರೆ ಗಡುವಿನೊಳಗೆ ಉತ್ತರಿಸುವ ಹಕ್ಕು ನಮಗಿದೆ. ಬಹಳ ಹಳೆಯ ಚಿಕ್ಕ ಬಾಕಿಗಳನ್ನು, ಅಂದರೆ 2009-10ರವರೆಗಿನ 25,000 ರೂಪಾಯಿ ಒಳಗಿನವನ್ನೂ 2010-11ರಿಂದ 2014-15ರವರೆಗಿನ 10,000 ರೂಪಾಯಿ ಒಳಗಿನವನ್ನೂ ಕೈಬಿಡುವುದಾಗಿ 2024ರ ಫೆಬ್ರವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ಸರ್ಕಾರ ಸಾರಿತು.

ಪರರ ಮೊಬೈಲು: ಇದೇ ಆ ತಾಯಿಯ ಮನೆಯಲ್ಲಿ ಆದದ್ದು. ಜಪಸರ ಮುಗಿದ ಆ ಸಂಜೆಯೇ ಅವರ ಮೊಮ್ಮಗ ಇಲಾಖೆಯ ಪೋರ್ಟಲ್ ತೆರೆದು ನೋಡಿದ. ಸೆಪ್ಟೆಂಬರಿನಲ್ಲೇ ಲೆಕ್ಕ ಮುಗಿದು ಹಣ ಹೊರಟಿತ್ತು. ಖಾತೆಯ ಹೆಸರು ಹೊಂದದೆ ಹಿಂದಿರುಗಿತ್ತು. "ರಿಫಂಡ್ ಫೇಲ್ಡ್" ಎಂದು ಅಲ್ಲಿ ಬರೆದಿತ್ತು. ಮತ್ತೆ ತಿಳಿಸಲಿಲ್ಲವೇ? ತಿಳಿಸಿದ್ದರು. ಆದರೆ ಅರ್ಜಿ ತುಂಬಿದ ಹುಡುಗ ತನ್ನದೇ ಮೊಬೈಲು, ಇ-ಮೇಲ್ ಹಾಕಿಕೊಂಡಿದ್ದ. ಸಂದೇಶ ಅವನಿಗೆ ಹೋಗಿ ನೂರೆಂಟು ಸಂದೇಶಗಳ ನಡುವೆ ಬಿದ್ದಿತ್ತು. "ನಾ ಬೆಂಗಳೂರಿನವ್ರಿಗಿ ಬೈಲತಿದ್ದೆ, ಕೀಲಿ ನಮ್ಮ ಮನ್ಯಾಗೇ ಇತ್ತು ನೋಡ್ರಿ" ಎಂದರು ತಾಯಿ.

4. ಏನು ಮಾಡಬೇಕು?

ಮೊದಲು ಪೋರ್ಟಲಿನಲ್ಲಿ ಸ್ಥಿತಿ ನೋಡಿ, ಹಣ ಯಾವ ಕಿಂಡಿಯಲ್ಲಿ ನಿಂತಿದೆ ಎಂದು ತಿಳಿಯಿರಿ. ಲೆಕ್ಕ ನಡೆಯುತ್ತಿದೆ ಎಂದಿದ್ದರೆ ಕಾಯಿರಿ. ನೋಟಿಸು ಬಂದಿದ್ದರೆ ಗಡುವಿನೊಳಗೆ ಉತ್ತರ ಕೊಡಿ, ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಹಣ ಹೊರಟು ಹಿಂದಿರುಗಿದ್ದರೆ, ಬ್ಯಾಂಕಿಗೆ ಹೋಗಿ ಹೆಸರು, ಪ್ಯಾನ್ ಸರಿಪಡಿಸಿಕೊಂಡು, ಪೋರ್ಟಲಿನಲ್ಲಿ ಖಾತೆಯನ್ನು ಮತ್ತೆ ಮಾನ್ಯ ಮಾಡಿಸಿ, ಹಣ ಮರಳಿ ಕಳಿಸಲು ಕೋರಿಕೆ ಹಾಕಿರಿ. ರಿಟರ್ನ್ ಯಾರೇ ತುಂಬಲಿ, ಮೊಬೈಲ್ ಸಂಖ್ಯೆ ನಿಮ್ಮದಿರಲಿ ಅಥವಾ ಮನೆಮಕ್ಕಳದಿರಲಿ.

ಎಲ್ಲ ಸರಿಯಿದ್ದೂ ತಡವಾದರೆ ಬೆಂಗಳೂರು ಕೇಂದ್ರದ 1800 103 0025 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು. ಪೋರ್ಟಲಿನಲ್ಲೇ ದೂರು ಸಲ್ಲಿಸಬಹುದು. ಕೇಳುವುದು ಅವಿಧೇಯತೆಯಲ್ಲ. ಲೂಕನ ಶುಭಸಂದೇಶದ 18ನೇ ಅಧ್ಯಾಯದ ವಿಧವೆ ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋದಳು. ಅವಳನ್ನು ಪ್ರಭು ನಮಗೆ ಮಾದರಿಯಾಗಿ ಕೊಟ್ಟರು.

ತಡವಾದುದಕ್ಕೆ ಬಡ್ಡಿಯೂ ಉಂಟು. ಗಡುವಿನೊಳಗೆ ರಿಟರ್ನ್ ಸಲ್ಲಿಸಿದವರಿಗೆ ಆ ವರ್ಷದ ಏಪ್ರಿಲ್ 1ರಿಂದ ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿ. 8,400ಕ್ಕೆ ತಿಂಗಳಿಗೆ 42 ರೂಪಾಯಿ. ಎಂಟು ತಿಂಗಳಿಗೆ 336. ರಿಫಂಡ್ ಮೊತ್ತವು ಕಟ್ಟಬೇಕಾದ ತೆರಿಗೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಬಡ್ಡಿಯಿಲ್ಲ. ನಮ್ಮ ತಪ್ಪಿನಿಂದಾದ ತಡಕ್ಕೂ ಇಲ್ಲ. ಬಂದ ಬಡ್ಡಿಯನ್ನು ಅದು ಬಂದ ವರ್ಷದ ಆದಾಯದಲ್ಲಿ ತೋರಿಸಬೇಕು.

ಒಂದು ಎಚ್ಚರಿಕೆ. "ನಿಮ್ಮ ರಿಫಂಡ್ ಮಂಜೂರಾಗಿದೆ, ಇಲ್ಲಿ ಒತ್ತಿರಿ" ಎಂಬ ಸಂದೇಶ ಬಂದರೆ ಒತ್ತಬೇಡಿರಿ. ಕಾಯುವವನ ಕಿವಿ ತೆರೆದಿರುತ್ತದೆ ಎಂದು ಕಳ್ಳನಿಗೆ ಗೊತ್ತು. ಇಲಾಖೆಯವರು ಒ.ಟಿ.ಪಿ., ಪಿನ್, ಕಾರ್ಡಿನ ಸಂಖ್ಯೆ ಕೇಳುವುದಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಿರಿ.

5. ದೊಡ್ಡ ರಿಫಂಡಿನ ಆಸೆ

ಆ ಸಂಜೆ ತಾಯಿಯ ಮಗನೂ ಕೂತಿದ್ದ. ಕೊಳಾರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಅವನ ಮಾತು ಬೇರೆ ಇತ್ತು. "ಅವ್ವ ಎಂಟು ಸಾವಿರಕ್ಕ ಅಳಲತಾಳ. ನಮ್ಮ ಕಂಪನ್ಯಾಗ ಒಬ್ಬಗ ಅರವತ್ತು ಸಾವಿರ ಬಂದಾವ. ಏಜೆಂಟ ಎಲ್ಲಾ ಮಾಡಿ ಕೊಡ್ತಾನ, ಬಂದಿದ್ರಾಗ ಹತ್ತು ಪರ್ಸೆಂಟ್ ಅವಂಗ. ಚರ್ಚಿಂದು ಒಂದು ರಸೀದಿ ಇದ್ರ ಇನ್ನೂ ಚಲೋ ಅಂದಾನ."

ಕೊಡದ ದಾನಕ್ಕೆ ದೇವಾಲಯದ ಹೆಸರಿನಲ್ಲಿ ರಸೀದಿ! ಮನೆ ಒಮ್ಮೆಲೆ ಮೌನವಾಯಿತು.

ಈ ಏಜೆಂಟರು ಮಾಡುವುದೇನು? ಕೊಡದ ದೇಣಿಗೆ, ಕಟ್ಟದ ಮನೆ ಬಾಡಿಗೆ, ಇಲ್ಲದ ವಿಮೆ, ಇಲ್ಲದ ಕಾಯಿಲೆಯ ಖರ್ಚು ಬರೆದು ತೆರಿಗೆ ಇಳಿಸುತ್ತಾರೆ. ಹಣ ಬಂದಾಗ ಪಾಲು ತೆಗೆದುಕೊಂಡು ಹೋಗುತ್ತಾರೆ. ನೋಟಿಸು ಬಂದಾಗ ಅವರ ಫೋನು ಹತ್ತುವುದಿಲ್ಲ. ಸಹಿ ನಮ್ಮದು, ಹೊಣೆ ನಮ್ಮದು. ಆದಾಯವನ್ನು ಬೇಕೆಂದೇ ತಪ್ಪಾಗಿ ತೋರಿಸಿದವರಿಗೆ ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು. 2025ರ ಜುಲೈ 14ರಂದು ಇಂಥ ಸುಳ್ಳು ರಿಟರ್ನ್‌ಗಳ ಬಗ್ಗೆ ಇಲಾಖೆ ದೇಶದ 150 ಕಡೆಗಳಲ್ಲಿ ಶೋಧ ಆರಂಭಿಸಿತು. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ 1,045 ಕೋಟಿ ರೂಪಾಯಿಯ ಸುಳ್ಳು ಬೇಡಿಕೆಗಳನ್ನು ಹಿಂತೆಗೆದುಕೊಂಡಿದ್ದರು ಎಂದು ಇಲಾಖೆಯೇ ತಿಳಿಸಿದೆ.

ಇಲ್ಲಿ ನಾವು ಮನಸ್ಸಿಗೆ ತೆಗೆದುಕೊಳ್ಳಬೇಕಾದ ಮಾತೊಂದಿದೆ. ಸುಳ್ಳು ಹೆಚ್ಚಿದಷ್ಟೂ ತಪಾಸಣೆ ಹೆಚ್ಚುತ್ತದೆ. ತಪಾಸಣೆ ಹೆಚ್ಚಿದಷ್ಟೂ ಪ್ರಾಮಾಣಿಕರ ಹಣವೂ ತಡವಾಗುತ್ತದೆ. ಒಬ್ಬರು ಸುಳ್ಳು ರಸೀದಿಯಿಂದ ಪಡೆಯುವ ಅರವತ್ತು ಸಾವಿರದ ಬೆಲೆಯನ್ನು ಎಲ್ಲೋ ಒಬ್ಬ ವಿಧವೆ ಕಾದು ತೆರುತ್ತಾಳೆ. ಈ ಮಾತು ಕೇಳಿ ಮಗ ತಾಯಿಯ ಮುಖ ನೋಡಿದ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ, ತೆರಿಗೆ ಕಟ್ಟುವುದು ನೈತಿಕ ಕರ್ತವ್ಯ ಎಂದು ಕಲಿಸುತ್ತದೆ (2240). ತೆರಿಗೆ ವಂಚನೆಯನ್ನು ಏಳನೆಯ ಆಜ್ಞೆಗೆ ವಿರುದ್ಧವಾದ ತಪ್ಪುಗಳ ಸಾಲಿನಲ್ಲಿ ಇಡುತ್ತದೆ (2409). ಸೀಸರನದನ್ನು ಸೀಸರನಿಗೆ ಎಂದ ಪ್ರಭುವಿನ ಶಿಷ್ಯರಲ್ಲಿ ಒಬ್ಬನಾದ ಸಂತ ಮತ್ತಾಯ ಕಫೆರ್ನೌಮಿನ ಸುಂಕದ ಕಟ್ಟೆ ಬಿಟ್ಟು ಬಂದವನು. ನಾವು ಜ್ಞಾನಸ್ನಾನ ಪಡೆದ ದೇವಾಲಯದ ಹೆಸರನ್ನೇ ಸುಳ್ಳಿಗೆ ಮುದ್ರೆಯಾಗಿ ಬಳಸಬಹುದೇ?

ಈಗಾಗಲೇ ಹೀಗೆ ಮಾಡಿಕೊಂಡವರು ಹತಾಶರಾಗಬೇಕಿಲ್ಲ. ನವೀಕೃತ ರಿಟರ್ನ್ ಸಲ್ಲಿಸಿ, ತೆರಿಗೆ ಮತ್ತು ಹೆಚ್ಚುವರಿ ಮೊತ್ತ ಕಟ್ಟಿ ತಪ್ಪು ತಿದ್ದಿಕೊಳ್ಳಲು ಕಾನೂನು ನಾಲ್ಕು ವರ್ಷ ಅವಕಾಶ ಕೊಟ್ಟಿದೆ. ಪಾಪನಿವೇದನೆಯಲ್ಲಿಯೂ ಪಶ್ಚಾತ್ತಾಪದ ಜೊತೆಗೆ ನಷ್ಟಪರಿಹಾರ ಇರಬೇಕಲ್ಲವೇ? ನಿಜವಾಗಿ ಕೊಟ್ಟ ದಾನದ ಮಾತು ಬೇರೆ. ಇಲಾಖೆಯ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟಿದ್ದು, 2,000 ರೂಪಾಯಿ ಮೀರಿದ್ದು ನಗದಾಗಿರದೆ ಬ್ಯಾಂಕಿನ ಮೂಲಕ ಹೋಗಿದ್ದರೆ, ಹಳೆಯ ತೆರಿಗೆ ಪದ್ಧತಿ ಆರಿಸಿದವರಿಗೆ ರಿಯಾಯಿತಿ ಉಂಟು. ಬಲಿಪೂಜೆಯಲ್ಲಿ ಹಾಕುವ ಕಾಣಿಕೆಗೆ ರಸೀದಿ ಬೇಡ. ಅದರ ಲೆಕ್ಕ ದೇವರ ಹತ್ತಿರವಿದೆ.

6. ಕಾಯುವವರಿಗೆ ಯಕೋಬನ ಮಾತು

ಯಕೋಬನ ಪತ್ರದ ಐದನೇ ಅಧ್ಯಾಯವನ್ನು ತೆರೆಯಿರಿ. ತಾಳ್ಮೆಯನ್ನು ಕಲಿಸಲು ಅವನು ಒಬ್ಬ ರೈತನನ್ನು ತೋರಿಸುತ್ತಾನೆ. ಭೂಮಿಯ ಫಲಕ್ಕಾಗಿ, ಮುಂಗಾರು ಹಿಂಗಾರು ಎರಡೂ ಬರುವವರೆಗೆ ಅವನು ಕಾಯುತ್ತಾನೆ. ಔರಾದಿನ ರೈತನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಒಂದು ವರ್ಷ ಮಳೆಯಿಲ್ಲ. ಇನ್ನೊಂದು ವರ್ಷ, 2025ರ ಆಗಸ್ಟ್ ಸೆಪ್ಟೆಂಬರಿನಂತೆ, ಮಳೆ ಹೆಚ್ಚಾಗಿ ಹೆಸರು, ಉದ್ದು, ಸೋಯಾ ನೀರಲ್ಲಿ ನಿಲ್ಲುತ್ತವೆ. ಆದರೂ ಅವನು ಮತ್ತೆ ಬಿತ್ತುತ್ತಾನೆ.

ರೈತನ ತಾಳ್ಮೆ ಕೈಕಟ್ಟಿ ಕೂರುವ ತಾಳ್ಮೆಯಲ್ಲ. ಹೊಲ ಹರಗಿ, ಬೀಜ ಬಿತ್ತಿ, ಬದು ಕಟ್ಟಿ, ತನ್ನ ಕೆಲಸವೆಲ್ಲ ಮುಗಿಸಿದ ಮೇಲೆ ಆಕಾಶ ನೋಡುತ್ತಾನೆ. ಮೊದಲ ಮೋಡ ಕಂಡಾಗಲೇ ಬೆಳೆಯ ಮೇಲೆ ಸಾಲ ಎತ್ತುವುದಿಲ್ಲ. ಹಾಗೆಯೇ ಬರುವ ರಿಫಂಡನ್ನು ಬಂದಂತೆಯೇ ಲೆಕ್ಕಹಾಕಿ ಕೈಸಾಲ ಮಾಡಬಾರದು. 8,400ಕ್ಕೆ ಇಲಾಖೆ ಕೊಡುವ ಬಡ್ಡಿ ತಿಂಗಳಿಗೆ 42 ರೂಪಾಯಿ. ಅಷ್ಟೇ ಮೊತ್ತವನ್ನು ನೂರಕ್ಕೆ ಮೂರರಂತೆ ಕೈಸಾಲ ತಂದರೆ ತಿಂಗಳಿಗೆ ತೆರಬೇಕಾದ್ದು 252 ರೂಪಾಯಿ. ಮನೆಯಲ್ಲಿ ಎಲ್ಲರೂ ಕೂತು ಯಾವ ಖರ್ಚು ತಡೆಯಬಹುದು, ಯಾವುದು ತಡೆಯಲಾಗದು ಎಂದು ಮಾತಾಡಿರಿ. ಮಕ್ಕಳಿಂದ ಮುಚ್ಚಿಡಬೇಡಿರಿ. ಮನೆಯ ಕಷ್ಟ ತಿಳಿದ ಮಗು ಬೇಗ ಜವಾಬ್ದಾರಿ ಕಲಿಯುತ್ತದೆ.

7. ನಮ್ಮ ಬಾಗಿಲಲ್ಲಿ ಕಾಯುವವರು

ಇನ್ನು ಕೊನೆಯ ಮಾತು, ಪಾಠದ ಮುಖ್ಯ ಮಾತು. ತಾಳ್ಮೆಯ ಈ ಉಪದೇಶ ಆ ಅಧ್ಯಾಯದ ಏಳನೇ ವಚನದಲ್ಲಿದೆ. ಅದಕ್ಕಿಂತ ಮುಂಚೆ, ನಾಲ್ಕನೇ ವಚನದಲ್ಲಿ, ಯಕೋಬನು ಇನ್ನೊಂದು ಮಾತು ಹೇಳಿದ್ದಾನೆ: ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡರೆ ಆ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ. ಈ ಕ್ರಮವನ್ನು ಗಮನಿಸಿರಿ. ಹಣ ಹಿಡಿದವನಿಗೆ ಕೊಡು ಎಂದು ಹೇಳಿದ ಮೇಲೆಯೇ ದೇವರ ವಾಕ್ಯ ಕಾಯುವವನಿಗೆ ತಾಳ್ಮೆ ಕಲಿಸುತ್ತದೆ. ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಾಗುವವರೆಗೆ ನಮ್ಮಲ್ಲಿ ಇರಬಾರದು ಎನ್ನುತ್ತದೆ ಯಾಜಕಕಾಂಡ (19:13). ನ್ಯಾಯವಾದ ಕೂಲಿಯನ್ನು ತಡೆಹಿಡಿಯುವುದು ಘೋರ ಅನ್ಯಾಯವೆಂದು ಧರ್ಮೋಪದೇಶ ಗ್ರಂಥವೂ ಹೇಳುತ್ತದೆ (2434). ದೇಶದ ಕಾನೂನಿಗೂ ಈ ಅರಿವಿದೆ: ಕಬ್ಬು ತಂದ ರೈತನಿಗೆ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರಲ್ಲೇ ಆದೇಶವಾಯಿತು.

ಆ ಸಂಜೆ ಮಾತು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಮಾಳಿಗೆ ರಿಪೇರಿ ಮಾಡಿದ ಗೌಂಡಿ. ಅವನ 3,000 ರೂಪಾಯಿ ಬಾಕಿ ಇತ್ತು. "ಅಮ್ಮಾ, ಬಂತೇನ್ರಿ?" ಎಂದು ಕೇಳಿದ. ರಿಫಂಡ್ ಬಂದ ಮೇಲೆ ಕೊಡುತ್ತೇವೆಂದು ಅವನಿಗೆ ಹೇಳಿದ್ದರು. ಅದೆಂಥ ರಿಫಂಡು, ಎಲ್ಲಿಂದ ಬರುತ್ತದೆ ಎಂದು ಅವನಿಗೇನು ಗೊತ್ತು? ಬೆಂಗಳೂರಿನ ಯಂತ್ರಕ್ಕೂ ಅವನ ಮನೆಯ ಒಲೆಗೂ ಏನು ಸಂಬಂಧ? ಆದರೂ ಆರು ವಾರಗಳಿಂದ ಅವನೂ ಆ 8,400ರ ಸಾಲಿನಲ್ಲಿ, ಎಲ್ಲರಿಗಿಂತ ಹಿಂದೆ, ಬಡ್ಡಿಯಿಲ್ಲದೆ ನಿಂತಿದ್ದ.

ಮಗ ಎದ್ದು ಒಳಗೆ ಹೋದ. ತನ್ನ ಸಂಬಳದಲ್ಲಿ ಇಟ್ಟಿದ್ದ 3,000 ರೂಪಾಯಿ ತಂದು ಗೌಂಡಿಯ ಕೈಗೆ ಕೊಟ್ಟ. "ತಡ ಆಯ್ತು, ತಪ್ಪು ತಿಳ್ಕೋಬ್ಯಾಡ ಅಣ್ಣಾ" ಎಂದ. ಏಜೆಂಟನ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಮರುದಿನ ತಾಯಿ ಬ್ಯಾಂಕಿಗೆ ಹೋಗಿ ಪ್ಯಾನ್, ಆಧಾರ್ ತೋರಿಸಿ ಪಾಸ್‌ಬುಕ್ಕಿನ ಹೆಸರು ಸರಿಪಡಿಸಿಕೊಂಡರು. ಮೊಮ್ಮಗ ಮೊಬೈಲ್ ಸಂಖ್ಯೆ ಬದಲಿಸಿ, ಹಣ ಮರಳಿ ಕಳಿಸಲು ಕೋರಿಕೆ ಹಾಕಿದ. ಆಗಮನ ಕಾಲದ ಮೊದಲ ವಾರದಲ್ಲಿ ಹಣ ಜಮಾ ಆಯಿತು, ಜೊತೆಗೆ ಸ್ವಲ್ಪ ಬಡ್ಡಿಯೂ. ಬಲಿಪೂಜೆ ಮುಗಿದ ಮೇಲೆ ತಾಯಿ ಸಿಕ್ಕು ಹೇಳಿದರು: "ರೊಕ್ಕ ಬಂತ್ರಿ ಮಾಸ್ತರ್ರೆ. ಆದ್ರ ಆ ಗೌಂಡಿಗಿ ಕೊಟ್ಟ ದಿನಾನೇ ನಂಗ ನಿದ್ದಿ ಬಂತು."

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯವರ ಪ್ಯಾನ್, ಆಧಾರ್, ಪಾಸ್‌ಬುಕ್ಕುಗಳಲ್ಲಿ ಹೆಸರು ಒಂದೇ ರೀತಿ ಇದೆಯೇ? ಈ ಭಾನುವಾರ ಎಲ್ಲವನ್ನೂ ಮೇಜಿನ ಮೇಲಿಟ್ಟು ನೋಡೋಣ.
2. ಠೇವಣಿಯ ಬಡ್ಡಿಯಲ್ಲಿ ಹಿರಿಯರ ಹಣ ಕಡಿತವಾಗುತ್ತಿದೆಯೇ? ಘೋಷಣಾ ಪತ್ರ ಕೊಡಲು ಅವರ ಜೊತೆ ಬ್ಯಾಂಕಿಗೆ ಹೋಗುವವರು ಯಾರು?
3. "ಎಲ್ಲರೂ ಮಾಡ್ತಾರ" ಎಂಬ ಮಾತಿಗೆ ನಾವು ಯಾವಾಗಲಾದರೂ ಒಪ್ಪಿದ್ದೇವೆಯೇ? ಅದನ್ನು ತಿದ್ದಿಕೊಳ್ಳುವ ದಾರಿ ಯಾವುದು?
4. ನಮ್ಮಿಂದ ಹಣಕ್ಕಾಗಿ ಕಾಯುತ್ತಿರುವವರು ಯಾರು? ಮನೆಗೆಲಸದವರು, ಹಾಲಿನವರು, ಗೌಂಡಿ, ಆಟೋದವರು? ಎಂದು ಕೊಡುತ್ತೇವೆ?

ಪ್ರಾರ್ಥನೆ

ಕರುಣಾಮಯಿ ತಂದೆಯೇ, ಬರಬೇಕಾದುದಕ್ಕಾಗಿ ಕಾಯುವ ಎಲ್ಲ ಮನೆಗಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ನಮ್ಮ ಕೆಲಸವನ್ನು ಸರಿಯಾಗಿ ಮಾಡುವ ಬುದ್ಧಿಯನ್ನೂ, ಹಕ್ಕನ್ನು ವಿನಯದಿಂದ ಕೇಳುವ ಧೈರ್ಯವನ್ನೂ, ಸುಳ್ಳಿಗೆ ಇಲ್ಲವೆನ್ನುವ ಬಲವನ್ನೂ ನಮಗೆ ಕೊಡಿ. ನಮ್ಮ ಬಾಗಿಲಲ್ಲಿ ನಿಂತವರನ್ನು ಮರೆತು ನಿಮ್ಮ ಬಾಗಿಲನ್ನು ತಟ್ಟದಂತೆ ನಮ್ಮನ್ನು ಕಾಪಾಡಿ. ನಮ್ಮ ಪ್ರಭು ಯೇಸುಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.